ಸಾಕ್ಷಿಗೆ ಹೊಲಿಗೆ ಹಾಕಿದ ಟೈಲರ್

"ನಾನು ಯಾರಿಗೇನು ಅನ್ಯಾಯ ಮಾಡಿದ್ದೆ?"

ಟೈಲರ್ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಅಂಗಡಿಯ ಮುಂದೆ ಪೊಲೀಸ್ ಜೀಪು ನಿಂತಿತು. ಬಾಯಿ ತಾನಾಗಿ ಆಡಿತು, ಕಾಲು ತಾನಾಗಿ ಮಷೀನು ತುಳಿಯಿತು, ಸೂಜಿಯಡಿ ಇದ್ದ ಅಂಗಿಯ ತೋಳಿನ ತುದಿ ಪೂರ್ತಿ ಮುಚ್ಚಿಹೋಯಿತು.

ದಫೇದಾರ ಒಳಗೆ ಬಂದವನೇ ಒಂದು ಪ್ಯಾಂಟನ್ನು ಮೇಜಿನ ಮೇಲೆ ಎಸೆದ.

"ಸಿಮೆಂಟ್ ಗೋದಾಮಿಗೆ ಕಳ್ಳ ನುಗ್ಗಿದ್ದ. ಕಿಟಕಿ ಮೊಳೆಗೆ ಪ್ಯಾಂಟು ಸಿಕ್ಕಿಕೊಂಡಿದೆ, ಬಿಚ್ಚಿ ಬಿಟ್ಟು ಓಡಿದಾನೆ. ಒಳಗೆ ನಿನ್ನ ಅಂಗಡಿ ಚೀಟಿ ಹೊಲಿದಿದೆ. ಕಳ್ಳ ನೀನೇ, ಜೀಪು ಹತ್ತು!"

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಮಾತಾಡಲು ಬಾಗಿಲಾಚೆ ಹೋದ. ಟೈಲರ್ ಪ್ಯಾಂಟನ್ನು ನೋಡಿದ. ಮೊಣಕಾಲಿನ ಹತ್ತಿರ ಗೇಣುದ್ದ ಹರಿದಿತ್ತು. ಇಪ್ಪತ್ತೆರಡು ವರ್ಷ ಪಳಗಿದ ಕೈ. ಹರಿದದ್ದು ಕಂಡರೆ ಸುಮ್ಮನಿರದು. ಹೊಂದುವ ದಾರ ಹುಡುಕಿ, ದಫೇದಾರ ಬರುವಷ್ಟರಲ್ಲಿ ಹೊಲಿದು ಮಡಚಿ ಇಟ್ಟ.

"ಮೊಳೆಗೆ ಹರಿದ ಜಾಗ ಎಲ್ಲೋ?"

"ಗೊತ್ತೇ ಆಗಲ್ಲ ಅಲ್ವಾ ಸಾರ್?" ಎಂದ ಟೈಲರ್ ಹೆಮ್ಮೆಯಿಂದ.

"ಸಾಕ್ಷಿ ಕಣಯ್ಯಾ ಅದು!"

"ಅಯ್ಯೋ! ಬಿಚ್ಚಿಬಿಡಲಾ ಸಾರ್?"

ಒಳಗೆ ಗುಂಡಿ ಹೊಲಿಯುತ್ತಿದ್ದ ಟೈಲರ್‌ನ ಅಕ್ಕ ಹೊರಗೆ ಬಂದಳು. ಬೆಳಿಗ್ಗೆ ಅವಳಿಗೆ ಕೋರ್ಟಿನ ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಕೆಲಸ. ಅಲ್ಲಿ ಅವಳು ಗುಡಿಸಿದ್ದು ಕಸ, ಕೂಡಿಸಿದ್ದು ಕಾನೂನು.

"ಸಾರ್, ಇವನನ್ನ ಬಂಧಿಸ್ತಾ ಇದೀರಾ, ಇಲ್ಲ ಬರೀ ವಿಚಾರಿಸೋಕೆ ಕರೀತಾ ಇದೀರಾ?"

ಟೈಲರ್ ಅವಳ ಸೆರಗು ಜಗ್ಗಿದ. "ಅಕ್ಕಾ, ಸುಮ್ಮನಿರೇ. ಅವರ ಹತ್ರ ಲಾಠಿ ಇದೆ. ನಮ್ಮ ಹತ್ರ ಏನಿದೆ, ಟೇಪು!"

"ನೀನು ಬಾಯಿಗೂ ಗುಂಡಿ ಹಾಕ್ಕೊಂಡಿದೀಯ ಕಣೋ. ಸಾರ್, ನಿಮ್ಮ ಎದೆ ಮೇಲೆ ಹೆಸರಿನ ಪಟ್ಟಿ ಕಾಣ್ತಿಲ್ಲ."

ದಫೇದಾರ ಜೇಬು ತಡಕಿ ಪಟ್ಟಿ ಚುಚ್ಚಿಕೊಂಡ. ತಲೆಕೆಳಗಾಗಿ.

"ಬಂಧಿಸೋದಾದ್ರೆ ಕಾರಣ ಹೇಳಿ, ಕಾಗದ ಬರೀರಿ. ದಿನ, ಹೊತ್ತು ಹಾಕಿ. ಅಕ್ಕ ಅಂತ ನಾನು ಸಾಕ್ಷಿ ರುಜು ಹಾಕ್ತೀನಿ. ಯಾವ ಠಾಣೆಗೆ ಅಂತ ಹೇಳಿ, ನಾನೂ ಬರ್ತೀನಿ. ಇಪ್ಪತ್ತನಾಲ್ಕು ಗಂಟೆ ಒಳಗೆ ಇವನನ್ನ ನ್ಯಾಯಾಧೀಶರ ಮುಂದೆ ನಿಲ್ಲಿಸ್ಬೇಕು. ವಕೀಲರನ್ನ ಇಟ್ಕೊಳ್ಳೋ ಶಕ್ತಿ ನಮಗಿಲ್ಲ. ಕೇಳಿದ್ರೆ ಸರ್ಕಾರವೇ ಕೊಡುತ್ತೆ."

"ನೀನೇನು ವಕೀಲೆಯಾ?"

"ಅಲ್ಲ ಸಾರ್. ವಕೀಲರ ಕುರ್ಚಿ ಒರೆಸೋಳು."

ಎಂದವಳೇ ಟೇಪು ತೆಗೆದು ಪ್ಯಾಂಟಿನ ಸೊಂಟ ಅಳೆದಳು. ಇಪ್ಪತ್ತೆಂಟು. ತಮ್ಮನ ಸೊಂಟಕ್ಕೆ ಸುತ್ತಿದಳು.

"ನಲವತ್ತು! ಇದು ಇವನ ಒಂದು ತೊಡೆಗೆ ಆದೀತು, ಅಷ್ಟೇ."

"ಮೂವತ್ತೊಂಬತ್ತೂವರೆ ಕಣೇ," ಎಂದ ಟೈಲರ್. ಕಳ್ಳ ಅನ್ನಿಸಿಕೊಂಡಾಗಲೂ ಅವನಿಗೆ ಅಷ್ಟು ನೋವಾಗಿರಲಿಲ್ಲ.

ದಫೇದಾರ ಕೆಮ್ಮಿದ. ಆಮೇಲೆ ಧ್ವನಿಗೆ ಬೆಣ್ಣೆ ಸವರಿಕೊಂಡು ಒಂದು ಬಿಳಿ ಹಾಳೆ ಚಾಚಿದ. "ಬಂಧನ ಗಿಂಧನ ಏನೂ ಬೇಡಪ್ಪ. ಇಲ್ಲಿ ಕೆಳಗೆ ಒಂದು ರುಜು ಹಾಕು. ಮೇಲಿನದ್ದು ನಾನು ಠಾಣೆಗೆ ಹೋಗಿ ಬರ್ಕೋತೀನಿ."

ಬದುಕಿದೆಯಾ ಬಡಜೀವವೇ ಎಂದು ಟೈಲರ್ ಪೆನ್ನು ಹಿಡಿದೇಬಿಟ್ಟ.

"ಲೋ," ಎಂದಳು ಅಕ್ಕ, "ಅಳತೆ ತೆಗೀದೆ ಬಟ್ಟೆಗೆ ಕತ್ತರಿ ಹಾಕ್ತೀಯೇನೋ?"

"ಜನ್ಮದಲ್ಲಿ ಹಾಕಿಲ್ಲ!"

"ಮತ್ತೆ ಆ ಹಾಳೆ ಮೇಲೆ ನಾಳೆ ಏನಿರುತ್ತೆ ಅಂತ ಗೊತ್ತೇನೋ? ಕದ್ದವನು ನಾನೇ ಅಂತ ಇದ್ರೆ?"

ಟೈಲರ್‌ನ ಕೈ ಅಲ್ಲೇ ನಿಂತಿತು.

ತಾಯಂದಿರೇ, ಅಣ್ಣತಮ್ಮಂದಿರೇ, ಪೊಲೀಸರು ಬಂದರೆ ಓಡುವುದು ಬೇಡ, ಕೈ ಮಾಡುವುದಂತೂ ಬೇಡವೇ ಬೇಡ. ಕಾರಣ ಕೇಳಿ. ಹೆಸರು ನೋಡಿಕೊಳ್ಳಿ. ಮನೆಯವರಿಗೆ ತಿಳಿಸಿ, ವಕೀಲರು ಬೇಕು ಎನ್ನಿ. ಮರ್ಯಾದೆಯಿಂದ ಕೇಳಿದರೆ ಅದು ಅಪರಾಧವಲ್ಲ. ದೇವರು ನಾಲಿಗೆ ಕೊಟ್ಟದ್ದು ಉಗುಳು ನುಂಗಲಿಕ್ಕಷ್ಟೇ ಅಲ್ಲ. ಖಾಲಿ ಹಾಳೆ ನಿಮ್ಮ ಮುಂದೆ ಬಂದರೆ ನಿಮಗೂ ಹೆದರಿಕೆಯಾದೀತು. ಆಗಲಿ. ಟೈಲರ್‌ನ ಹೆದರಿಕೆಯೂ ಹೋಗಿರಲಿಲ್ಲ. ಅವನು ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯನ್ನು ದಫೇದಾರನ ಕಡೆಗೇ ತಳ್ಳಿದ.

"ಹಾಕಲ್ಲ ಸಾರ್."