ಕೊರ್ಲಹಳ್ಳಿಯ ನೀಲಿ ಬಾಗಿಲು

ಇಸ್ತ್ರಿ ಮಾಡಿದ ಕೋಟು, ಅದರ ಕೆಳಗೆ ಲುಂಗಿಯೇ ಇರಬೇಕು, ಪರದೆಯಲ್ಲಿ ಎದೆಯವರೆಗಷ್ಟೇ ಕಾಣುತ್ತದಲ್ಲ — ಸುಶ್ಮಿತಾ ವೈರನ್ನು ಮತ್ತೊಮ್ಮೆ ಒತ್ತಿ ನೋಡಿದಳು, ಮುಂಡರಗಿಯ ಕರೆಂಟು ಈ ಹೊತ್ತಿನಲ್ಲಿ ಕೈಕೊಟ್ಟರೆ ಕಾದದ್ದೆಲ್ಲ ನೀರಿನಲ್ಲಿ ಹೋಮ, ಇಲ್ಲ, ಫ್ಯಾನು ತಿರುಗುತ್ತಿದೆ, ಹನ್ನೊಂದು ದೇಶಗಳ ಆರೋಗ್ಯದ ದೊಡ್ಡವರು ಚೌಕ ಚೌಕವಾಗಿ ಕೂತಿದ್ದಾರೆ, ನಡುವಿನ ಚೌಕದಲ್ಲಿ, ಗದಗಿನ ಮನೆಯಿಂದ, ಅವಳ ಸಂಸ್ಥೆಯ ಮುಖ್ಯಸ್ಥ ರಘೂತ್ತಮ ಸರ್. ಈ ಕೋಟು ಜಿನೀವಾದ ಸಭೆಗೆಂದು ಹೊಲಿಸಿದ್ದು. ಸಮೀಕ್ಷಾ ನೀ ಮಾಡಿದ್ದು ಖರೆ, ಆದ್ರ ಅಲ್ಲೆ ಮಾತಾಡ್ಲಿಕ್ಕೆ ಬ್ಯಾರೆ ಬಾಯಿ ಬೇಕಾಗ್ತದವಾ, ಅಂದು ನಕ್ಕು ವರದಿಯಿಂದ ಅವಳ ಹೆಸರು ತೆಗೆದಿದ್ದರು. ವಿಮಾನಗಳು ನಿಂತವು, ಸಭೆ ಆನ್‌ಲೈನಿಗೆ ಬಂತು, ಆಗ ಅದೇ ಬಾಯಿ — ನನಗ ಈ ಗುಂಡಿ ತಿಳಿಯೂದಿಲ್ಲ, ಚಿತ್ರ ತೋರ್ಸೂದು, ಮೈಕ್ ಹಚ್ಚೂದು ಆರ್ಸೂದು ಎಲ್ಲಾ ನೀನ ನೋಡ್ಕೋ. ನೋಡಿಕೊಳ್ಳುತ್ತೇನೆ ಸರ್. ನೋಡಿಕೊಳ್ಳುತ್ತಲೇ ಇದ್ದೇನೆ. ಕೊರ್ಲಹಳ್ಳಿಯ ನೀಲಿ ಬಾಗಿಲು, ಅದರ ಮೇಲೆ ಸೀಮೆಸುಣ್ಣದ ಇಂಟು ಗುರುತು, ಆ ಸಮೀಕ್ಷೆಯಲ್ಲಿ ಅವಳೇ ಹಾಕಿದ್ದು, ಒಳಗೆ ಜ್ವರವಿದೆ, ಡಾಕ್ಟರ ತಂಡ ಇನ್ನೂ ಬಂದಿಲ್ಲ ಎಂದು; ಬಂದ ತಂಡ ಅದನ್ನು ಒರೆಸಿ ಹೋಗಬೇಕು, ಕ್ರಮ ಹಾಗೆ. ಹೊಸ್ತಿಲಲ್ಲಿ ಕೆಮ್ಮುತ್ತ ಒಂಟಿ ಹೆಂಗಸು ಖಾತುನಬಿ, ಬರೇ ಗೀಚಿ ಹೊಂಟಿಯಲ್ಲ ಯವ್ವಾ, ನಾ ಏನ್ ಪಾಸೋ ನಾಪಾಸೋ, ಯಾರರ ಬರ್ತಾರಿಲ್ಲೋ? ಬರ್ತಾರ, ನಾ ಕಳಸ್ತೀನಿ, ಎಂದು ಮಾತು ಕೊಟ್ಟಳು, ಮೂರು ಸಲ ಫೋನು ಮಾಡಿದಳು, ಆತು ಆತು ಅಂದರು ಸರ್. ಹತ್ತನೆಯ ದಿನ ಹೋದಾಗ ಖಾತುನಬಿ ಮಣ್ಣಾಗಿದ್ದಳು, ಬಾಗಿಲಿಗೆ ಬೀಗ, ಗುರುತು ಹಾಗೇ, ಫೋಟೋ ತೆಗೆದಿಟ್ಟಳು. ಅಂಥ ನಲವತ್ತೊಂದು ಗುರುತುಗಳನ್ನು ಸರ್ ಗದಗಿನಲ್ಲಿ ಕೂತೇ ಒರೆಸಿದರು, ವರದಿಯಲ್ಲಿ. ಈಗ ಅಧ್ಯಕ್ಷೆ ಕೇಳುತ್ತಿದ್ದಾರೆ, ಒಂದು ಮನೆಯೂ ಬಿಡದಂತೆ ಹೇಗೆ ತಲುಪಿದಿರಿ, ಸರ್ ಗಂಟಲು ಸರಿಪಡಿಸಿಕೊಂಡು, ಸುಶ್ಮಿತಾ, ಮುಂದಿನ ಚಿತ್ರ. ಮುಂದಿನದು ಸರ್, ಇಗೋ. ಪರದೆ ತುಂಬ ನೀಲಿ. ಏ, ಇದಲ್ಲ, ತಗೀ ಅದನ್ನ, ಜಲ್ದಿ ತಗೀ — ಅವಳ ಬೆರಳು ಅವರ ಮೈಕ್ ಆರಿಸುವ ಗುಂಡಿಯ ಮೇಲೆ, ಹೇನು ಕುಕ್ಕಿದಷ್ಟು ಮೆತ್ತಗೆ, ಈಗ ತುಟಿಗಳು ಆಡುತ್ತಿವೆ, ಸದ್ದಿಲ್ಲ, ಆಡಲಿ, ಆ ಬ್ಯಾರೆ ಬಾಯಿ ಆಡಲಿ. ಅಧ್ಯಕ್ಷೆ ಮುಂದಕ್ಕೆ ಬಾಗಿ, ಆ ಬಿಳಿ ಗುರುತೇನು, ಬಲ್ಲವರು ಹೇಳುತ್ತೀರಾ? ಸುಶ್ಮಿತಾ ತನ್ನ ಮೈಕ್ ತೆರೆದಳು. ಅಳೆದು ತೂಗಿ ಬರೆದ ಹನ್ನೆರಡು ಸಾಲು ಮುಂದಿವೆ, ತಪ್ಪಿನ ಪಟ್ಟಿ, ಸರ್ ಹೆಸರಿನಿಂದಲೇ ಆರಂಭ — ನಾ ಕಳಸ್ತೀನಿ, ಅಂದವರು ಯಾರು, ಸರ್ ಅಲ್ಲ, ನಾನೇ, ಗುರುತು ಹಾಕಿದ ಕೈ ಇದೇ, ಬರ್ತಾರಿಲ್ಲೋ, ಹೇಳು, ಹೇಳಬೇಕು, ನೀಲಿ ಬಾಗಿಲು, ಬೀಗ, ಬೀಗದ ಮೇಲೆ ಅವಳ ಕೈಯ ಇಂಟು, ಯಾರೂ ಒರೆಸದ ಇಂಟು