ಬರಿಗಾಲಿನ ಹರಕೆ

ಹರಕೆ ಹೊರುವ ಹೊತ್ತಿನಲ್ಲಿ ಮನುಷ್ಯರಿಗೆ ಬುದ್ಧಿ ನೆಟ್ಟಗಿದ್ದಿದ್ದರೆ ದೇವರಿಗೆ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು. ಹೊಸನಗರದ ಹಿಟ್ಟಿನ ಗಿರಣಿಯ ಜಲಜಮ್ಮನನ್ನೇ ನೋಡಿ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಪಾದಕ್ಕಿಳಿದು, ಮೆಣಸಿನಪುಡಿ ಮೆತ್ತಿದ ಹಾಗೆ ಅಂಗಾಲು ಉರಿಯತೊಡಗಿತ್ತು. ಹೊದಿಕೆ ತಾಗಿದರೂ ಪ್ರಾಣ ಹೋದ ಹಾಗಾಗುತ್ತಿತ್ತು. ಹರಳೆಣ್ಣೆ ಹಚ್ಚಿದ್ದಾಯಿತು, ಬಿಸಿನೀರಲ್ಲಿ ಕಾಲು ಇಳಿಬಿಟ್ಟಿದ್ದಾಯಿತು, ಕಂಡಕಂಡವರು ಹೇಳಿದ ಕಷಾಯ ಕುಡಿದದ್ದಾಯಿತು. ಕಡೆಗೊಂದು ದಿನ ವರದಹಳ್ಳಿ ಸ್ವಾಮಿಗಳ ಪಟಕ್ಕೆ ಕೈಮುಗಿದು, "ಈ ಉರಿ ಒಂದು ಕಳೀರಿ ಸ್ವಾಮಿ, ಸಾಗರದಿಂದ ನಿಮ್ಮಲ್ಲಿಗೆ ಬರಿಗಾಲಲ್ಲಿ ನಡೆದು ಬರ್ತೀನಿ" ಅಂದುಬಿಟ್ಟಳು.

ಭಾರವನ್ನೆಲ್ಲ ದೇವರೊಬ್ಬನ ಮೇಲೆ ಹಾಕುವಷ್ಟು ಕಲ್ಲೆದೆಯವಳಲ್ಲ, ಮರುವಾರ ಡಾಕ್ಟರ ಹತ್ತಿರವೂ ಹೋದಳು. ಡಾಕ್ಟರ್ ಪ್ರತಿಮಾ ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದರಿಂದ ಅಂಗಾಲನ್ನು ಹತ್ತು ಕಡೆ ಮುಟ್ಟಿದರು. ಎಂಟು ಕಡೆ ಗೊತ್ತಾಯಿತು, ಎರಡು ಕಡೆ ಇಲ್ಲ.

"ನರದ ಉರಿಗೆ ಮಾತ್ರೆ ಕೊಡ್ತೀನಿ. ಆದ್ರೆ ಸಕ್ಕರೆ ಹತೋಟಿಗೆ ತರದಿದ್ರೆ ಮಾತ್ರೆ ಒಂದೇ ಏನೂ ಮಾಡಲ್ಲ. ದಿನಾ ಕನ್ನಡಿ ಹಿಡಿದು ಅಂಗಾಲು ನೋಡ್ಕೊಳ್ಳಿ. ಬಿಸಿನೀರು ಬೇಡ. ಬರಿಗಾಲು ಅನ್ನೋದನ್ನ ಮರೆತೇಬಿಡಿ, ಮನೆ ಒಳಗೂ ಚಪ್ಪಲಿ. ಗೊತ್ತಿಲ್ಲದೆ ಒಂದು ಗಾಯ ಆಗಿ ಕೀವಾದ್ರೆ ಬೆರಳು ಹೋಗ್ತದೆ, ಕಾಲೂ ಹೋಗಬಹುದು."

ಜಲಜಮ್ಮನ ಮುಖ ಹುಳ್ಳಗಾಯಿತು.

ಬೆಲ್ಲದ ಕಾಫಿ ಬಿಟ್ಟಳು. ನಾಲ್ಕು ಕಡುಬಿನ ಜಾಗಕ್ಕೆ ಒಂದು ಬಂತು. ಮಾತ್ರೆ ತಪ್ಪಿಸಲಿಲ್ಲ. ನಾಲ್ಕು ತಿಂಗಳಲ್ಲಿ ಉರಿ ಇಳಿಯಿತು. ಸಂತೋಷಪಡಬೇಕಾದವಳು ಅಳುಮುಖ ಮಾಡಿಕೊಂಡು ಕೂತಳು. ನಡೆದರೆ ಕಾಲು ಹೋಗುತ್ತದೆ, ನಡೆಯದಿದ್ದರೆ ಮಾತು ಹೋಗುತ್ತದೆ. ತೀರದ ಹರಕೆ ಅವಳಿಗೆ ಉರಿಗಿಂತ ಹೆಚ್ಚು ಸುಟ್ಟಿತು.

ಗಂಡ ಗಿರಿಯಪ್ಪನಿಗೆ ನಗು ತಡೆಯಲಾಗಲಿಲ್ಲ. "ಕಾಲು ವಾಸಿಯಾಗಲಿ ಅಂತ ಕಾಲನ್ನೇ ಅಡ ಇಟ್ಟಿದ್ದೀಯಲ್ಲೇ ಮಾರಾಯ್ತಿ!"

ಈ ಗಿರಿಯಪ್ಪ ಜನ್ಮದಲ್ಲಿ ರಕ್ತ ಪರೀಕ್ಷೆ ಮಾಡಿಸಿದವನಲ್ಲ. ನೋವಿಲ್ಲದ ಮೈಗೆ ಸೂಜಿ ಯಾಕೆ ಎಂಬುದು ಅವನ ಸಿದ್ಧಾಂತ. ಹೆಂಡತಿ ಬಿಟ್ಟ ಬೆಲ್ಲವನ್ನೂ ತನ್ನ ಕಾಫಿಗೇ ಹಾಕಿಕೊಂಡು, ಗಿರಣಿಯಲ್ಲಿ ಬರಿಗಾಲಲ್ಲೇ ಮೂಟೆ ಹೊರುತ್ತಿದ್ದ. "ನನ್ನ ಕಾಲು ನೋಡು, ಕಲ್ಲು! ನಾನಾಗಿದ್ರೆ ವರದಹಳ್ಳಿಗೆ ಒಂದೇ ಉಸಿರಲ್ಲಿ ನಡೀತಿದ್ದೆ" ಅಂತ ಕೊಚ್ಚಿಕೊಂಡ.

"ನಡೀರಿ ಹಂಗಾದ್ರೆ" ಅಂದಳು ಜಲಜಮ್ಮ. "ಧಾರೆ ಎರೆಸಿಕೊಂಡೋರಲ್ವಾ? ನನ್ನ ಹರಕೇಲಿ ನಿಮ್ಗೂ ಅರ್ಧ ಪಾಲಿದೆ."

ಗಂಡ ತೀರಿಸಿದರೂ ಹೆಂಡತಿಯ ಹರಕೆ ತೀರುತ್ತದೆ ಎಂದು ಪಕ್ಕದ ಮನೆಯ ಬೆಳ್ಳಮ್ಮನೂ ಸಾಕ್ಷಿ ಹೇಳಿದ ಮೇಲೆ ಗಿರಿಯಪ್ಪನಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ.

ಬುಧವಾರ ಬೆಳಿಗ್ಗೆ ಬಸ್ಸಲ್ಲಿ ಸಾಗರಕ್ಕೆ ಬಂದು ಇಳಿದರು. ಜಲಜಮ್ಮನ ಕಾಲಲ್ಲಿ ಕಾಲುಚೀಲ, ಅದರ ಮೇಲೆ ಡಾಕ್ಟರು ಹೇಳಿದ ಮೆತ್ತನೆಯ ಚಪ್ಪಲಿ. ಗಿರಿಯಪ್ಪನ ಚಪ್ಪಲಿ ಅವಳ ಚೀಲದಲ್ಲಿ. ಬಿಸಿಲು ಏರಿ ಟಾರು ಕಾದಿತ್ತು. ಹರಕೆಗೆ ಹೊರಟಿದ್ದ ಬೇರೆಯವರು ಹಾಯ್ ಹುಯ್ ಅನ್ನುತ್ತ ರಸ್ತೆ ಬದಿಯ ಹುಲ್ಲಿಗೆ ಹಾರುತ್ತಿದ್ದರೆ, ಗಿರಿಯಪ್ಪ ನಡುರಸ್ತೆಯಲ್ಲಿ ಎದೆ ಸೆಟೆಸಿ ನಡೆದ.

"ಎಂಥ ಭಕ್ತಿ ನೋಡಿ ಇವರದ್ದು!" ಎಂದು ಯಾರೋ ಅಜ್ಜಿ ಕೈಮುಗಿದೇ ಬಿಟ್ಟಳು.

ಜಲಜಮ್ಮನಿಗೆ ಹೊಟ್ಟೆ ಉರಿಯಿತು. ನಾಲ್ಕು ತಿಂಗಳು ನಾಲಿಗೆ ಕಟ್ಟಿದ್ದು ತಾನು, ಪುಣ್ಯ ಈ ಬೆಲ್ಲದ ಕಾಫಿಯವರಿಗೆ!

"ನೋವಾಗ್ತಿಲ್ವಾ?" ಎಂದು ಕೇಳಿದಳು.

"ಎಂಥ ನೋವು? ಕಂಬಳಿ ಮೇಲೆ ನಡೆದಂಗಿದೆ."

ವರದಹಳ್ಳಿಯ ಆಶ್ರಮದ ಹತ್ತಿರ ಕಾಲು ತೊಳೆಯಲು ನಲ್ಲಿ ತಿರುಗಿಸಿದರು. ಗಿರಿಯಪ್ಪನ ಬಲಗಾಲಿಂದ ಇಳಿದ ನೀರು ಕೆಂಪಗಿತ್ತು.

"ಕಾಲೆತ್ತಿ" ಅಂದಳು ಜಲಜಮ್ಮ. ದಿನಾ ನೋಡಿಕೊಳ್ಳುವ ಕೈಗನ್ನಡಿ ಚೀಲದಲ್ಲೇ ಇತ್ತು. ಅಂಗಾಲಿಗೆ ಹಿಡಿದಳು. ಹೆಬ್ಬೆರಳಿನ ಬುಡದಲ್ಲಿ ಉಗುರಿನಷ್ಟು ದೊಡ್ಡ ಬಾಟಲಿ ಚೂರು ಹೊಕ್ಕು ಕೂತಿತ್ತು. ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಒಡೆದಿತ್ತು.

ಗಿರಿಯಪ್ಪ ಕನ್ನಡಿಯೊಳಗೆ ಬಗ್ಗಿ, ಯಾರದೋ ಕಾಲು ನೋಡುವ ಹಾಗೆ ನೋಡಿದ. ಅವನ ನಗು ಅಲ್ಲಿಗೆ ನಿಂತಿತು.

"ಯಾವಾಗ ಹೊಕ್ಕಿತೇ ಇದು? ನಂಗೆ ಗೊತ್ತೇ ಆಗ್ಲಿಲ್ಲ." ಕನ್ನಡಿಯಿಂದ ಕಣ್ಣು ತೆಗೆಯದೆ ಸಣ್ಣ ದನಿಯಲ್ಲಿ, "ಆ ಕಂಬಳಿ ಇವತ್ತಿಂದಲ್ಲ ಜಲಜಾ. ಒಂದು ವರ್ಷದಿಂದ ಹಂಗೇ ಇದೆ. ವಯಸ್ಸಾಯ್ತು ಅಂದ್ಕೊಂಡಿದ್ದೆ" ಅಂದ.

ತನ್ನ ಕಾಲಿಗೆ ಬರಬಾರದೆಂದು ಜಲಜಮ್ಮ ಇಷ್ಟು ದಿನ ಹೆದರಿದ್ದ ಮರಗಟ್ಟುವಿಕೆ ಗಂಡನ ಕಾಲಿಗೆ ಯಾವತ್ತೋ ಬಂದು ಕೂತಿತ್ತು. ಬೈಯಬೇಕೆಂದುಕೊಂಡಳು, ಅಳು ಬಂತು. ಚೂರು ಕೀಳಲು ಹೋಗದೆ ಒಗೆದ ಟವೆಲನ್ನು ಸಡಿಲವಾಗಿ ಸುತ್ತಿ, "ಕಾಲು ಊರಬೇಡಿ. ಸೀದಾ ಆಸ್ಪತ್ರೆಗೆ. ರಕ್ತಾನೂ ಇವತ್ತೇ ತೋರಿಸ್ಬೇಕು" ಅಂದು ಆಟೋ ಕೂಗಿದಳು. ನೋವಿಲ್ಲದ ಮೈಯವನು ಈ ಸಲ ಸೂಜಿಯ ಮಾತಿಗೆ ಹೂಂ ಅಂದ.

ಆಟೋ ಹತ್ತುವ ಮೊದಲು ಅವಳು ಆಶ್ರಮದ ಕಡೆ ತಿರುಗಿ ಕೈಮುಗಿದಳು.

"ಸ್ವಾಮಿ, ನನ್ನಿಂದ ತೆಗೆದ ಉರೀಲಿ ಒಂಚೂರು ಇವರಿಗೆ ಕೊಡಿ. ಕಲ್ಲು ಚುಚ್ಚಿದ್ರೆ ಅಯ್ಯೋ ಅನ್ನೋ ಹಂಗೆ ಮಾಡಿ. ಮಾಡಿದ್ರೆ..."

ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದದ್ದನ್ನು ಅಲ್ಲೇ ಕಚ್ಚಿ ಹಿಡಿದಳು.

"ಮಾಡಿದ್ರೆ ಇಬ್ರೂ ಬರ್ತೀವಿ. ಬಸ್ಸಲ್ಲಿ. ಚಪ್ಪಲಿ ಹಾಕ್ಕೊಂಡು."