ಜಾನಕಮ್ಮನ ಕಡೆಯವರು

ಶ್ರೀಗಂಧ ಮಹಿಳಾ ಸಮಾಜದ ಅಧ್ಯಕ್ಷ ಸ್ಥಾನ ಈ ಸಲ ಜಾನಕಮ್ಮನಿಗೇ ಎಂದು ಮೊದಲು ಬಾಯಿ ಬಿಟ್ಟು ಹೇಳಿದವಳು ಸುಂದರಮ್ಮ. ಅದನ್ನು ಮನೆಮನೆಗೆ ಮುಟ್ಟಿಸಿದವಳೂ ಅವಳೇ. ತೊಂಬತ್ತೇಳರ ಬೇಸಿಗೆ ಅದು. ಹಳೆಯ ಅಧ್ಯಕ್ಷೆ ಮಂಡಿನೋವು ತಾಳಲಾರದೆ ಕೆಳಗಿಳಿಯುವುದು ಖಚಿತವಾಗಿತ್ತು. ಸಮಾಜದಲ್ಲಿ ಮೊದಲಿನಿಂದಲೂ ಎರಡು ಪಂಗಡ: ಮಲ್ಲೇಶ್ವರದ ಹೆಂಗಸರದೊಂದು, ವೈಯಾಲಿಕಾವಲ್ ಹೆಂಗಸರದೊಂದು. ಚುನಾವಣೆಗೆ ಮುಂಚೆ ಆಯಾ ಪಂಗಡದವರು ಒಬ್ಬರ ಮನೆಯಲ್ಲಿ ಸೇರಿ, ತಮ್ಮ ಕಡೆಯಿಂದ ಯಾರು ನಿಲ್ಲಬೇಕು ಎಂದು ಕೈಯೆತ್ತಿ ತೀರ್ಮಾನ ಮಾಡಿಕೊಳ್ಳುತ್ತಿದ್ದರು. ಮಲ್ಲೇಶ್ವರದವರೇ ಹೆಚ್ಚು ಮಂದಿ ಇದ್ದುದರಿಂದ ಆ ಮನೆಸಭೆಯಲ್ಲಿ ಗೆದ್ದವಳು ಮುಂದೆ ಚುನಾವಣೆಯಲ್ಲೂ ಗೆದ್ದ ಹಾಗೇ.

ಜಾನಕಮ್ಮ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಸಮಾಜದ ಹೊಲಿಗೆ ಕ್ಲಾಸು, ದಸರಾ ಗೊಂಬೆ, ದೇವರನಾಮದ ಸ್ಪರ್ಧೆ ಎಲ್ಲಕ್ಕೂ ಅವಳೇ ಬೆನ್ನೆಲುಬು. ಸುಂದರಮ್ಮನದು ಅದೇ ಕ್ರಾಸಿನಲ್ಲಿ ಎದುರು ಸಾಲಿನ ಮನೆ. ಇಬ್ಬರೂ ಮದುವೆಯಾಗಿ ಆ ಬೀದಿಗೆ ಬಂದದ್ದು ಒಂದೇ ವರ್ಷ. ಒಬ್ಬಳ ಮನೆಯ ಹುಳಿ ಇನ್ನೊಬ್ಬಳ ಮನೆಗೆ ಹೋಗದ ದಿನವಿರಲಿಲ್ಲ. ಜಾನಕಮ್ಮ ಹೇಳುತ್ತಿದ್ದಳು, ಸುಂದರಮ್ಮ ಮಾಡುತ್ತಿದ್ದಳು. ಅಷ್ಟು ವರ್ಷವೂ ಅದು ಹಾಗೇ ನಡೆದುಬಂದಿತ್ತು.

ಯುಗಾದಿಯ ಕಾರ್ಯಕ್ರಮದಲ್ಲಿ ಒಂದು ಮಾತು ಬಂತು. ಪಾನಕದ ಲೋಟ ಹಂಚುತ್ತಿದ್ದ ಸುಂದರಮ್ಮ, ಈ ಸಲ ದಸರಾಗೆ ಕೋಲಾಟದ ಬದಲು ಒಂದು ನಾಟಕ ಆಡಿಸೋಣವೇ ಎಂದು ಕೇಳಿದಳು. ಜಾನಕಮ್ಮ ನಗುತ್ತಾ, ಸುತ್ತ ಕೂತವರಿಗೆಲ್ಲ ಕೇಳುವ ಹಾಗೆ, "ಯೋಚನೆ ಮಾಡೋ ಕೆಲಸ ನಂಗೆ ಬಿಡು ಸುಂದರೂ. ನೀನು ಪಾನಕಕ್ಕೆ ಏಲಕ್ಕಿ ಸರಿಯಾಗಿ ಬಿದ್ದಿದೆಯಾ ನೋಡು," ಎಂದಳು. ಎಲ್ಲರೂ ನಕ್ಕರು. ಸುಂದರಮ್ಮನೂ ನಕ್ಕಳು. ಮನೆಗೆ ಬಂದು ಸೀರೆ ಮಡಿಸುವಾಗ ಅವಳ ಕಿವಿ ಇನ್ನೂ ಬಿಸಿಯಾಗಿತ್ತು.

ಅದಾದ ಸ್ವಲ್ಪ ದಿನಕ್ಕೆ ಆರಾಧನಾ ಬಂದಳು. ಮೂವತ್ತೈದರೊಳಗಿನ ಹೆಂಗಸು, ಸಮಾಜಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೆ. ಗಂಡನದು ರಕ್ತಪರೀಕ್ಷೆಯ ಲ್ಯಾಬು. ತಾನೇ ಕಾರು ಓಡಿಸಿಕೊಂಡು ಬಂದವಳು ಸುಂದರಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಅಡುಗೆಮನೆಯ ಹೊಸ್ತಿಲ ಮೇಲೇ ಕೂತಳು.

"ಆಂಟೀ, ನಾನೂ ನಿಲ್ಬೇಕು ಅಂತಿದೀನಿ. ನೀವು ಬೇಡ ಅಂದ್ರೆ ನಿಲ್ಲಲ್ಲ."

"ನಾನ್ಯಾರಮ್ಮ ಬೇಡ ಅನ್ನೋಕೆ? ಜಾನಕಿ ಇದಾಳಲ್ಲ."

"ಅವರು ದೊಡ್ಡೋರು, ಇಲ್ಲ ಅನ್ನಲ್ಲ. ಆದ್ರೆ ಸಮಾಜದ ಕೆಲಸ ಪೂರ್ತಿ ಮಾಡ್ತಿರೋದು ನೀವಲ್ವಾ? ನಾನೇನು ಕುರುಡಿನಾ? ನಾನು ಅಧ್ಯಕ್ಷೆ ಆದ್ರೆ ಕಾರ್ಯದರ್ಶಿ ನೀವೇ. ವೇದಿಕೆ ಮೇಲೆ ನನ್ನ ಪಕ್ಕದ ಕುರ್ಚಿ ನಿಮ್ದು."

ಸುಂದರಮ್ಮ ಇಷ್ಟು ವರ್ಷದಲ್ಲಿ ಆ ವೇದಿಕೆಯನ್ನು ಗುಡಿಸಿದ್ದಳು, ರಂಗೋಲಿ ಹಾಕಿದ್ದಳು, ಮೈಕಿನವನೊಡನೆ ಜಗಳವಾಡಿದ್ದಳು. ಅದರ ಮೇಲೆ ಕೂತಿರಲಿಲ್ಲ. ಆರಾಧನಾಗೆ ಎರಡನೆಯ ಲೋಟ ಕಾಫಿ ಬಗ್ಗಿಸಿದಳು.

ಆದರೆ ಜಾನಕಮ್ಮನ ಹೆಸರು ಹೇಳಿ ಹತ್ತಿದ ಮೆಟ್ಟಿಲನ್ನೇ ಹತ್ತಿ ಇನ್ನೊಬ್ಬಳ ಹೆಸರು ಹೇಳುವುದು ಹೇಗೆ? ಜಾನಕಮ್ಮನ ಮೇಲೆ ಹೇಳಲು ಒಂದು ದೂರೂ ಇರಲಿಲ್ಲ. ಯೋಚಿಸುತ್ತಾ ಹೋದಂತೆ ಸುಂದರಮ್ಮನಿಗೆ ಆಸ್ಪತ್ರೆಯ ಕಾರಿಡಾರು ನೆನಪಾಯಿತು.

ಜಾನಕಮ್ಮನ ಗಂಡ ಚಕ್ರಪಾಣಿಗೆ ಸಂಕ್ರಾಂತಿಯ ಹೊತ್ತಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗೈ ಬಲಗಾಲು ಬಿದ್ದುಹೋಗಿ, ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ ಜಾನಕಮ್ಮನ ಜೊತೆ ಹಗಲು ರಾತ್ರಿ ಇದ್ದವಳು ಸುಂದರಮ್ಮ. "ಇನ್ನೊಂದು ಸಲ ಬಂದ್ರೆ ಕಷ್ಟ. ಮನಸ್ಸಿಗೆ ಬೇಜಾರಾಗೋ ಹಾಗೆ ಮಾತ್ರ ಮಾಡ್ಬೇಡಿ," ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡವರು ಇಬ್ಬರೇ. ಅವತ್ತು ಜಾನಕಮ್ಮ ಅವಳ ಹೆಗಲ ಮೇಲೆ ತಲೆಯಿಟ್ಟು, "ಇದು ನಮ್ಮಿಬ್ಬರಲ್ಲೇ ಇರ್ಲಿ ಕಣೇ, ಮಗಳಿಗೂ ಹೇಳಿಲ್ಲ," ಎಂದು ಅತ್ತಿದ್ದಳು.

ಸುಂದರಮ್ಮ ಹೊರಟಳು. ಮೊದಲು ಪಾರ್ವತಮ್ಮನ ಮನೆ. ಅದೂ ಇದೂ ಮಾತಾಡಿ, ಎದ್ದು ಚಪ್ಪಲಿ ಮೆಟ್ಟುವಾಗ ನೆನಪಾದವಳ ಹಾಗೆ ಹೇಳಿದಳು:

"ಜಾನಕಿಗೆ ಆಗ್ಬೇಕು ಅಂತ ನಂಗೂ ಆಸೆ ಕಣ್ರೀ. ಆದ್ರೆ ಪಾಪ, ಅವರ ಯಜಮಾನ್ರ ಸ್ಥಿತಿ ನೋಡಿದ್ರೆ ಭಯವಾಗತ್ತೆ. ಡಾಕ್ಟರು ಕೈಬಿಟ್ಟ ಹಾಗೇ ಮಾತಾಡಿದಾರೆ. ಬಿಡ್ತು ಅನ್ನಿ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆಯ್ತು ಅನ್ಕೊಳ್ಳಿ. ದಸರಾಲಿ ಅಷ್ಟು ಜನ ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಡೋಳು ಅಧ್ಯಕ್ಷೆ ತಾನೇ? ಯಾರ ಕೈಯಿಂದ ಕೊಡಿಸೋದು?"

ಪಾರ್ವತಮ್ಮ ಬಿಡ್ತು ಬಿಡ್ತು ಎಂದು ಕೆನ್ನೆ ಬಡಿದುಕೊಂಡಳು. ಆಮೇಲೆ ಬಾಗಿಲಲ್ಲೇ ನಿಂತು, "ಮತ್ತೆ ಯಾರು ಇದಾರೆ?" ಎಂದಳು.

ಇಷ್ಟು ಸಲೀಸು ಎಂದು ಸುಂದರಮ್ಮನಿಗೇ ಗೊತ್ತಿರಲಿಲ್ಲ. ಹೋದ ಮನೆಯಲ್ಲೆಲ್ಲ ಅದೇ ಮಾತು, ಅದೇ ಬಿಡ್ತು, ಅದೇ ಪ್ರಶ್ನೆ. ಆರಾಧನಾಳ ಹೆಸರನ್ನು ಅವಳು ತಾನಾಗಿ ಹೇಳಲೇ ಇಲ್ಲ. ಕೇಳಿದವರಿಗೆ ಮಾತ್ರ ಹೇಳಿದಳು. ವಾರದ ಹಿಂದೆ "ಜಾನಕಮ್ಮನೇ ಆಗ್ಬೇಕು" ಎಂದು ಕೈಹಿಡಿದು ಹೇಳಿದವರು ಈಗ, "ಆ ಹುಡುಗಿ ಚೂಟಿ ಇದಾಳೆ, ಕಾರಿದೆ, ಓಡಾಡ್ತಾಳೆ," ಎನ್ನತೊಡಗಿದರು. ಕೆಲವರಿಗೆ ಅಂಥದೊಂದು ಕಾರಣ ಬೇಕೇ ಆಗಿತ್ತು ಎನ್ನುವುದೂ ಅವಳಿಗೆ ಕಂಡಿತು. ಜಾನಕಮ್ಮ ಮೇಷ್ಟರ ಹಾಗೆ ತಪ್ಪು ತಿದ್ದಿದ್ದು ಅವಳೊಬ್ಬಳನ್ನೇ ಅಲ್ಲ.

ಕಾವೇರಮ್ಮನ ಮನೆಗೆ ಹೋಗಲು ಮಾತ್ರ ಸ್ವಲ್ಪ ಹಿಂಜರಿಕೆಯಾಯಿತು. ಕಾವೇರಮ್ಮ ಚಿಕ್ಕವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಅವಳನ್ನು ಸಮಾಜಕ್ಕೆ ಕರೆತಂದವಳು ಜಾನಕಮ್ಮ. ಅವಳ ಮುಂದೆ ಈ ಮಾತು ಆಡುವುದು ಹೇಗೆ ಎಂದು ಸುಂದರಮ್ಮ ತಡವರಿಸುತ್ತಿದ್ದಾಗ ಕಾವೇರಮ್ಮನೇ ಬಾಯಿ ಹಾಕಿದಳು.

"ಪಾರ್ವತಮ್ಮ ಹೇಳಿದ್ರು. ನೀವು ಸಂಕೋಚ ಪಟ್ಕೋಬೇಡಿ. ನಿಜ ತಾನೇ? ನಂಗೆ ಆಗದೇ ಇರೋದು ಅವರಿಗೆ ಹೇಗಾಗತ್ತೆ?" ಎಂದು ಹುಣಸೆಹಣ್ಣಿನ ಬೀಜ ಬಿಡಿಸುವುದನ್ನು ಮುಂದುವರಿಸಿದಳು. ಅವಳ ಮುಖದಲ್ಲಿ ದುಃಖವಿರಲಿಲ್ಲ. ಒಂದು ಬಗೆಯ ಸಮಾಧಾನವಿತ್ತು.

ಸಭೆ ಜಾನಕಮ್ಮನ ಮನೆಯಲ್ಲೇ. ಅವತ್ತು ಮಗಳು ಮನೆಯಲ್ಲಿರಲಿಲ್ಲವಾದ್ದರಿಂದ ಗಂಡನನ್ನು ಬಿಟ್ಟು ಅವಳು ಬೇರೆಡೆ ಬರುವ ಹಾಗಿರಲಿಲ್ಲ. ನಡುಮನೆಯಲ್ಲಿ ಜಮಖಾನ ಹಾಸಿ, ಕೇಸರಿಬಾತು, ಬೋಂಡ ಮಾಡಿಟ್ಟಿದ್ದಳು. ಬೆಳಗಿನಿಂದ ಜೊತೆಗೆ ನಿಂತು ಬೋಂಡ ಕರಿದವಳು ಸುಂದರಮ್ಮನೇ. ಪಕ್ಕದ ಕೋಣೆಯಲ್ಲಿ ಚಕ್ರಪಾಣಿ ಮಲಗಿದ್ದರು. ಬಾಗಿಲು ಅರ್ಧ ಮುಂದೆ ಮಾಡಿತ್ತು. ಬಂದವರೆಲ್ಲ ಆ ಕಡೆ ಒಂದು ಸಲ ಕಣ್ಣು ಹಾಯಿಸಿ, ಆಮೇಲೆ ಜಾನಕಮ್ಮನ ಹಣೆಯನ್ನು ನೋಡಿ, ಕೂತುಕೊಂಡರು. ಅವಳಿಗೆ ಅದು ತಿಳಿಯಲಿಲ್ಲ. "ತಿನ್ರೀ, ಇನ್ನೊಂದು ಹಾಕ್ಕೊಳ್ಳಿ," ಎಂದು ಓಡಾಡುತ್ತಿದ್ದಳು.

ಎಲ್ಲರೂ ತಿಂದರು. ತಿಂದು ಕೈತೊಳೆದ ಮೇಲೆ ಆರಾಧನಾ ಎದ್ದು, ಹಿರಿಯರ ಆಶೀರ್ವಾದವಿದ್ದರೆ ತಾನೂ ನಿಲ್ಲುವುದಾಗಿ ಮೆತ್ತಗೆ ಹೇಳಿದಳು. ಜಾನಕಮ್ಮ ನಕ್ಕಳು. "ನಿಲ್ಲಮ್ಮ, ಅದಕ್ಕೇನು. ಕೈಯೆತ್ತಿಸೋಣ," ಎಂದಳು. ಸೋಲು ಎನ್ನುವುದು ಅವಳ ತಲೆಗೇ ಹೊಳೆದಿರಲಿಲ್ಲ.

ಮೊದಲು ಜಾನಕಮ್ಮನ ಹೆಸರು ಕರೆದರು. ಇಬ್ಬರು ಮುದುಕಿಯರು ಕೈಯೆತ್ತಿದರು. ಅವರಿಗೆ ಕಿವಿ ಮಂದ, ಸುಂದರಮ್ಮ ಅವರ ಮನೆಗೆ ಹೋಗಿರಲಿಲ್ಲ. ಉಳಿದವರು ಜಮಖಾನದ ದಾರ ಕೀಳುತ್ತಾ ಕೂತರು. ಜಾನಕಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಳು. ಕಾವೇರಮ್ಮನ ಹತ್ತಿರ ಅವಳ ಕಣ್ಣು ತಡೆಯಿತು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಸುಂದರಮ್ಮನ ಕಡೆ ತಿರುಗಿದಳು.

"ಸುಂದರೂ, ನೀನು ಕೈಯೆತ್ತಲಿಲ್ಲ."

"ನಿನ್ ಒಳ್ಳೇದಕ್ಕೇ ಕಣೇ. ಮನೇಲಿ ಇಷ್ಟು ಕಷ್ಟ ಇರುವಾಗ ನಿಂಗ್ಯಾಕೆ ಆ ಭಾರ?"

"ಭಾರ ಹೊರ್ತೀನೋ ಇಲ್ವೋ ನಂಗೆ ಗೊತ್ತಿಲ್ವಾ?"

ಹಿಂದಿನಿಂದ ಪಾರ್ವತಮ್ಮ, ತಗ್ಗಿದ ದನಿಯಲ್ಲಿ ಆದರೂ ಎಲ್ಲರಿಗೂ ಕೇಳುವ ಹಾಗೆ, "ದಸರಾ ಕುಂಕುಮದ ವಿಚಾರಾನೂ ಇದೆಯಲ್ಲ ಜಾನಕಮ್ಮನೋರೆ, ನೀವೇ ತಿಳಿದೋರು," ಎಂದುಬಿಟ್ಟಳು.

ಜಾನಕಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಅವಳ ಕೈ ತಾನಾಗಿ ತಾಳಿಯ ಮೇಲೆ ಹೋಯಿತು. ಡಾಕ್ಟರ ಮಾತು ಈ ಮನೆಯೊಳಗೆ ಯಾರಿಂದ ಬಂತು ಎಂದು ಕೇಳಬೇಕಾಗಿರಲಿಲ್ಲ. ಅವಳು ಕೇಳಲೂ ಇಲ್ಲ. ಆರಾಧನಾಳ ಹೆಸರಿಗೆ ಕೈಗಳೆಲ್ಲ ಮೇಲೆದ್ದವು. ಯಾರೋ ಚಪ್ಪಾಳೆ ಶುರು ಮಾಡಿದರು, ಉಳಿದವರೂ ತಟ್ಟಿದರು.

ಚಪ್ಪಾಳೆಗೆ ಎಚ್ಚರವಾಗಿ ಒಳಗಿನಿಂದ ಚಕ್ರಪಾಣಿ ಕೂಗಿದರು. ತೊದಲು ಮಾತು, ಆದರೂ ತಿಳಿಯುತ್ತಿತ್ತು. "ಜಾನಕೀ... ಏನಾಯ್ತೇ? ನೀನೇ ತಾನೇ?"

ಜಾನಕಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಲೋಟ ಎತ್ತಿಡುವ ನೆಪದಲ್ಲಿ ಬಾಗಿಲ ಹತ್ತಿರ ಬಂದಿದ್ದ ಸುಂದರಮ್ಮನಿಗೆ ಅವಳ ಉತ್ತರ ಕೇಳಿಸಿತು.

"ನಾನೇ ರೀ. ಎಲ್ಲರೂ ಸೇರಿ ನನ್ನನ್ನೇ ಮಾಡಿದ್ರು."

ಹೊರಗೆ ಬಂದವಳು ಸುಂದರಮ್ಮನ ಮುಖ ನೋಡದೆ ಹೇಳಿದಳು: "ಮಾಡೋದು ಮಾಡಿದೀಯ. ಇನ್ನೊಂದು ಬೇಡ. ಅವರಿಗೆ ಮಾತ್ರ ಹೇಳ್ಬೇಡ."

ಮುಂದಿನದು ಸುಲಭವಾಯಿತು. ಆರಾಧನಾ ವೈಯಾಲಿಕಾವಲ್ ಕಡೆಯವಳನ್ನು ದೊಡ್ಡ ಅಂತರದಲ್ಲಿ ಸೋಲಿಸಿದಳು. ಸುಂದರಮ್ಮ ಕಾರ್ಯದರ್ಶಿಯಾದಳು. ರೇಷ್ಮೆ ಸೀರೆ ಉಟ್ಟು ವೇದಿಕೆಯ ಮೇಲೆ ಕೂತಾಗ ಕುರ್ಚಿ ಕುಲುಕುತ್ತಿತ್ತು, ಆದರೂ ಅವಳಿಗೆ ಸುಖವಾಗಿತ್ತು. ಜಾನಕಮ್ಮ ಸಮಾಜಕ್ಕೆ ಬರುವುದನ್ನು ಬಿಟ್ಟಳು. ಆದರೆ ವಾರಕ್ಕೊಂದು ಸಂಜೆ ಮಗಳನ್ನು ಗಂಡನ ಹತ್ತಿರ ಬಿಟ್ಟು, ಒಳ್ಳೆಯ ಸೀರೆ ಉಟ್ಟು ಎಲ್ಲಿಗೋ ಹೋಗಿ ಬರುತ್ತಿದ್ದಳು. ಅದು ಕಾಡುಮಲ್ಲೇಶ್ವರನ ಗುಡಿಗೆ ಎಂದು ಸುಂದರಮ್ಮ ಪತ್ತೆ ಮಾಡಿದಳು. ಗುಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತು, ಸಭೆ ಮುಗಿಯುವ ಹೊತ್ತಿಗೆ ಮನೆಗೆ ಮರಳುತ್ತಿದ್ದಳು. ಗಂಡನಿಗೆ ಸಭೆಯ ಸುದ್ದಿ ಹೇಳುತ್ತಿದ್ದಳಂತೆ.

ವಿಚಿತ್ರವೆಂದರೆ ಚಕ್ರಪಾಣಿ ಚೇತರಿಸಿಕೊಳ್ಳತೊಡಗಿದರು. ಶ್ರಾವಣದ ಹೊತ್ತಿಗೆ ಕೋಲು ಹಿಡಿದು ಗೇಟಿನವರೆಗೆ ಬಂದರು. ಸಮಾಜದಲ್ಲಿ ಯಾರೋ ನಗುತ್ತಾ ಕೇಳಿದರು: "ಏನ್ರೀ ಸುಂದರಮ್ಮ, ಡಾಕ್ಟರು ಕೈಬಿಟ್ಟಿದಾರೆ ಅಂದ್ರಿ. ಅವರು ಓಡಾಡ್ತಿದಾರಲ್ಲ!" ಸುಂದರಮ್ಮ ಲೆಕ್ಕದ ಪುಸ್ತಕ ತೆಗೆದು ಮುಂದಿಟ್ಟುಕೊಂಡಳು. ಅಂದಿನಿಂದ ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವಾಗ ಅವಳ ಕಣ್ಣು ಎದುರು ಮನೆಯ ಮೇಲೆ. ಕೋಲಿನ ಸದ್ದು ಕೇಳಿದರೆ ರಂಗೋಲಿಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋಗುತ್ತಿದ್ದಳು.

ಒಂದು ಬೆಳಗ್ಗೆ ಜಾನಕಮ್ಮನೇ ಬಾಗಿಲಿಗೆ ಬಂದಳು. ಮಗಳು ಊರಲ್ಲಿರಲಿಲ್ಲ, ಔಷಧಿ ಮುಗಿದಿತ್ತು, ಬೇರೆ ಯಾರೂ ಸಿಕ್ಕಿರಲಿಲ್ಲ. "ಹತ್ತು ನಿಮಿಷ ಕೂತಿರ್ತೀಯಾ?" ಎಂದಳು. ಸುಂದರಮ್ಮ ಹೋಗಿ ಕೂತಳು.

ಚಕ್ರಪಾಣಿಗೆ ಅವಳನ್ನು ಕಂಡು ಖುಷಿಯಾಯಿತು. "ಏನು ಸುಂದರಮ್ಮ, ಬರೋದೇ ಬಿಟ್ರಿ. ಅಧ್ಯಕ್ಷೆ ಅಂದ್ರೆ ಭಯವೋ?" ಎಂದು ಸೊಟ್ಟ ಬಾಯಲ್ಲಿ ನಕ್ಕರು. "ಜಾನಕಿ ಎಲ್ಲಾ ಹೇಳ್ತಾಳೆ. ನಾಟಕ ಆಡಿಸ್ತಿದಾಳಂತೆ. ಅವಳಿಲ್ದಿದ್ರೆ ನಿಮ್ಮ ಸಮಾಜ ನಡೀತಿತ್ತಾ? ನಿಮಗೂ ಏನಾದ್ರೂ ಕೆಲಸ ಕೊಟ್ಟಿದಾಳೆ ತಾನೇ? ಪಾನಕ ನೀವೇ ಚೆನ್ನಾಗಿ ಮಾಡೋದು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದು ಸುಂದರಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು.

"ಜಾನಕಿ ಅಧ್ಯಕ್ಷೆ ಅಲ್ಲ. ಆರಾಧನಾ ಅಂತ ಇನ್ನೊಬ್ಬಳು. ಕಾರ್ಯದರ್ಶಿ ನಾನು. ಜಾನಕಿಗೆ ಎರಡೇ ಕೈ ಎದ್ದಿದ್ದು, ಇದೇ ಮನೇಲಿ."

ಚಕ್ರಪಾಣಿ ನಗುತ್ತಲೇ ಇದ್ದರು. ಆ ಮುಖ ಬೇಗ ಬದಲಾಗುತ್ತಿರಲಿಲ್ಲ. "ಯಾಕೆ?" ಎಂದರು ಕೊನೆಗೆ.

ಇಲ್ಲಿ ನಿಲ್ಲಿಸಬಹುದಾಗಿತ್ತು. ಏನಾದರೊಂದು ಹೇಳಬಹುದಾಗಿತ್ತು.

"ನಿಮ್ಮಿಂದ. ನೀವು ಹೋಗಿಬಿಟ್ರೆ ದಸರಾಲಿ ಕುಂಕುಮ ಕೊಡೋರು ಯಾರು ಅಂತ ಎಲ್ಲರೂ ಹಿಂದೆ ಸರಿದ್ರು."

ಗೇಟಿನ ಸದ್ದಾದಾಗ ಅವರು ಎಡಗೈಯಿಂದ ಅವಳ ಸೆರಗಿನ ತುದಿ ಹಿಡಿದರು. "ನಂಗೆ ಗೊತ್ತಾಯ್ತು ಅಂತ... ಜಾನಕಿಗೆ ಹೇಳ್ಬೇಡಿ," ಎಂದರು.

ಆಮೇಲೆ ಅವರು ಗೇಟಿನವರೆಗೆ ಬರಲಿಲ್ಲ. ವ್ಯಾಯಾಮ ಮಾಡಿಸುವವನು ಬಂದು ಬಂದು ವಾಪಸ್ಸು ಹೋದ. ಮಹಾಲಯ ಅಮಾವಾಸ್ಯೆಗೆ ಇನ್ನೂ ಕೆಲವು ದಿನವಿದ್ದಾಗ ಎರಡನೆಯ ಸಲ ಬಡಿಯಿತು; ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗಲಿಲ್ಲ.

ಸುಂದರಮ್ಮ ಮಾತಾಡಿಸಲು ಹೋದಾಗ ಜಾನಕಮ್ಮ ಗೋಡೆಗೊರಗಿ ಕೂತಿದ್ದಳು. ಬೇರೆಯವರು ಆಚೆ ಸರಿದ ಮೇಲೆ ಅವಳ ಕೈ ಹಿಡಿದುಕೊಂಡಳು.

"ನಿನ್ ಮೇಲೆ ಕೋಪ ಇತ್ತು ಕಣೇ. ಈಗಿಲ್ಲ. ಕೊನೇ ದಿನದವರೆಗೂ ಅವರು ಸಂಜೆ ಸಂಜೆ, 'ಸಭೆ ಹೇಗಾಯ್ತು ಅಧ್ಯಕ್ಷರೇ' ಅಂತ ಕೇಳ್ತಾನೇ ಇದ್ರು. ನಾನೂ ಹೇಳ್ತಾ ಇದ್ದೆ. ಖುಷಿಯಾಗೇ ಹೋದ್ರು. ಒಂದು ಮಾತು ನೀನು ಬಾಯಿ ಬಿಟ್ಟಿದ್ರೆ ಅದೂ ಇರ್ತಿರ್ಲಿಲ್ಲ. ಅಷ್ಟಾದ್ರೂ ಉಳಿಸಿದೆಯಲ್ಲ."

ಸುಂದರಮ್ಮ, "ಬಿಡೇ, ಅದೆಲ್ಲ ಯಾಕೀಗ," ಎಂದಳು. ಅಳು ಬರಬಹುದು ಎಂದು ಕಾದಳು, ಬರಲಿಲ್ಲ. ಬಂದದ್ದು ಬೇರೆ. ತಾನು ಹೇಳಿದ್ದು ಗೊತ್ತಿದ್ದವರು ಒಬ್ಬರೇ, ಅವರೂ ಹೋದರು ಎನ್ನುವ ಹಗುರ.

ಹೊರಗೆ ಆರಾಧನಾ ಕಾರಿನಲ್ಲಿ ಕಾಯುತ್ತಿದ್ದಳು. ಹಿಂದಿನ ಸೀಟಿನಲ್ಲಿ ಪಾರ್ವತಮ್ಮ.

"ನೀವು ಅವತ್ತು ಹೇಳಿದ್ದು ಎಷ್ಟು ಸರಿಯಾಯ್ತು ನೋಡಿ," ಎಂದಳು ಪಾರ್ವತಮ್ಮ. "ದಸರಾಗೆ ಇನ್ನು ಸ್ವಲ್ಪ ದಿನ ಇದೆ. ಜಾನಕಮ್ಮನೇ ಆಗಿದ್ರೆ ಏನು ಗತಿ?"

"ಆಂಟಿಗೆ ಎಷ್ಟು ಮುಂದಾಲೋಚನೆ," ಎಂದಳು ಆರಾಧನಾ. "ಮುಂದಿನ ಸಲ ಅಧ್ಯಕ್ಷೆ ಇವರೇ ಆಗ್ಬೇಕು."

ಸುಂದರಮ್ಮ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. "ಪಾಪ, ಏನ್ಮಾಡೋದು, ಅವರವರ ಹಣೆಬರಹ," ಎಂದಳು. "ನಡಿಯಮ್ಮ, ಶಾಮಿಯಾನದವನು ಕಾಯ್ತಿರ್ತಾನೆ."